ಮನೆಗೆ ನೂರಿಪ್ಪತ್ತು ಕಾರ್ಡು

ಮೀನಿನ ಹುರುಪೆ ಕೆರೆಯುತ್ತಿದ್ದೆ. ನಾಲ್ಕರಲ್ಲಿ ಎರಡು ಮುಗಿದಿದ್ದವು, ಮೂರನೆಯದರ ಬಾಲ ಕೈಯಲ್ಲಿತ್ತು. ಆಗ ನನ್ನ ಗಂಡ ಹಿತ್ತಲ ಬಾಗಿಲಲ್ಲಿ ಬಂದು ನಿಂತು, ಇವತ್ತಿನಿಂದ ತಮ್ಮನ್ನು ಅಧ್ಯಕ್ಷರೆಂದು ಕರೆಯಬೇಕಾಗುತ್ತದೆ ಎಂದು ತಿಳಿಸಿದರು.

ಯಾವುದರ ಅಧ್ಯಕ್ಷರು ಎಂದು ಕೇಳಿದೆ. ಕಾರ್ಡು ಬಳಗದ್ದು ಎಂದರು. ಮೀನಿಗಾದರೂ ಅರ್ಥವಾಯಿತೋ ಏನೋ, ನನಗಾಗಲಿಲ್ಲ. ಕೈ ತೊಳೆದುಕೊಂಡು ಹೊರಗೆ ಹೋಗಿ ನೋಡಿದರೆ, ಮನೆಯ ಮುಂದಿನ ಎರಡು ಕಂಬಗಳ ನಡುವೆ ಮೂರು ಮೀಟರ್ ಉದ್ದದ ಬ್ಯಾನರ್ ತೂಗುತ್ತಿತ್ತು.

ನನ್ನ ಗಂಡ ತವಿನ್ ಬ್ಯಾಂಕಾಕಿನಿಂದ ದೂರದ ನಮ್ಮ ಊರಿನಲ್ಲಿ ಮೂವತ್ತೊಂದು ವರ್ಷ ನೀರಿನ ಮೀಟರ್ ಓದಿದವರು. ಅಷ್ಟು ವರ್ಷಗಳಲ್ಲಿ ಊರಿನ ಒಂದೊಂದು ನಾಯಿಯೂ ಅವರನ್ನು ಒಮ್ಮೆಯಾದರೂ ಅಟ್ಟಿಸಿಕೊಂಡು ಹೋಗಿದೆ. ಒಬ್ಬ ಮನುಷ್ಯನೂ ಎದ್ದು ನಿಂತು ಕೈಮುಗಿದದ್ದಿಲ್ಲ. ಗಲ್ಲಿಯ ಮಕ್ಕಳು ಲುಂಗ್ ತವಿನ್ ಅನ್ನುತ್ತಾರೆ, ದೊಡ್ಡಪ್ಪ ಅಂತ. ಅದು ವಯಸ್ಸಿಗೆ ಸಿಗುವ ಮರ್ಯಾದೆ. ಹುದ್ದೆಗೆ ಸಿಗುವ ಮರ್ಯಾದೆಯ ರುಚಿ ಅವರು ಕಂಡಿರಲಿಲ್ಲ.

ಹುದ್ದೆ ಬಂದದ್ದು ನನ್ನ ತಂಗಿಯ ಮಗ ಕ್ರಿತ್‌ನಿಂದ. ಏಪ್ರಿಲ್‌ನಲ್ಲಿ ಇಪ್ಪತ್ತೊಂದು ತುಂಬಿದ ಹುಡುಗರೆಲ್ಲ ಸೈನ್ಯದ ಚೀಟಿ ಎತ್ತಬೇಕಲ್ಲ. ಕಪ್ಪು ಬಂದರೆ ಮನೆಗೆ, ಕೆಂಪು ಬಂದರೆ ಬ್ಯಾರಕ್ಕಿಗೆ. ಕ್ರಿತ್ ಆಟದ ಕಾರ್ಡು ಕೂಡಿಡುತ್ತಿದ್ದ ಹುಡುಗ. ಎರಡು ಸಾವಿರದ ನೂರ ಅರವತ್ತು ಕಾರ್ಡುಗಳನ್ನು ಆರಿಸಿ ಆರಿಸಿ ಕೂಡಿಟ್ಟವನು, ಬೇಡದ ಒಂದೇ ಒಂದು ಕೆಂಪು ಕಾರ್ಡನ್ನು ತನ್ನ ಕೈಯಾರೆ ಎತ್ತಿಕೊಂಡ.

ಹೊರಡುವ ಮುಂಚೆ ತಗಡಿನ ಪೆಟ್ಟಿಗೆಯೊಂದನ್ನು ತಂದು ನಮ್ಮ ಮನೆಯಲ್ಲಿಟ್ಟ. ಕಾರ್ಡಿನ ಮೇಲೆ ಆಮೆ, ಹಕ್ಕಿ, ಕಪ್ಪೆ, ಹೆಸರೇ ಇಲ್ಲದ ಪ್ರಾಣಿಗಳು. ಪ್ರತಿಯೊಂದಕ್ಕೂ ಇಷ್ಟು ಬಲ ಎಂದು ಒಂದು ಸಂಖ್ಯೆ. ಅರವತ್ತು ಕಾರ್ಡು ಆರಿಸಿ ಜೋಡಿಸಿಕೊಂಡು ಇಬ್ಬರು ಎದುರುಬದುರು ಕೂತು ಪ್ರಾಣಿಗಳನ್ನು ಕಾದಾಡಿಸಬೇಕು. ಕಾರ್ಡು ಕೊಳ್ಳಲು ಅಪ್ಪ ಇರುವ ಮಕ್ಕಳು ಪೇಟೆಯ ಏಸಿ ಅಂಗಡಿಯಲ್ಲಿ ಕೂತು ಆಡುತ್ತಾರೆ, ಉಳಿದವರು ಅವರ ಬೆನ್ನ ಹಿಂದೆ ನಿಂತು ನೋಡುತ್ತಾರೆ. ಕ್ರಿತ್ ಹಾಗೆ ಎರಡು ವರ್ಷ ನಿಂತವನು.

"ಪಾ, ಕಾರ್ಡು ಇಲ್ದೋರು ಬಂದು ಆಡ್ಲಿ," ಎಂದ ನನಗೆ. ಪಾ ಅಂದರೆ ದೊಡ್ಡಮ್ಮ. "ಆಡಿ ವಾಪಸ್ ಪೆಟ್ಟಿಗೆಗೆ ಹಾಕ್ಲಿ. ಯಾರಿಗೂ ಇಲ್ಲ ಅನ್ಬೇಡಿ, ಯಾರಿಗೂ ಕೊಟ್ಬಿಡ್ಬೇಡಿ. ನಾನು ರಜೆಗೆ ಬಂದಾಗ ಒಂದೂ ಕಮ್ಮಿ ಇರ್ಬಾರ್ದು."

ಇದು ಮಾತು. ಇಷ್ಟೇ ಕೆಲಸ. ನೂಡಲ್ ಅಂಗಡಿಯವಳ ಮಗಳು ಖಿಮ್, ಹದಿನೈದು ವರ್ಷದವಳು, ಎಂಟು ಮಕ್ಕಳನ್ನು ಕರೆದುಕೊಂಡು ಶನಿವಾರ ಶನಿವಾರ ಬರುವುದಾಗಿ ಒಪ್ಪಿದಳು. ಒಂದು ಚಾಪೆ ಸಾಕಿತ್ತು. ಬ್ಯಾನರ್ ಯಾರೂ ಕೇಳಿರಲಿಲ್ಲ.

ಆ ಬ್ಯಾನರಿನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಎಲ್ಲ ಅನಾಹುತಕ್ಕೂ ಅದೇ ತಾಯಿ. ಫೋಟೋ ಸ್ಟುಡಿಯೋದವನು ನನ್ನ ಗಂಡನ ತಲೆಯನ್ನು ಬಿಳಿ ಸಮವಸ್ತ್ರದ, ಎದೆ ತುಂಬ ಪದಕಗಳಿದ್ದ ಯಾರೋ ದೊಡ್ಡ ಅಧಿಕಾರಿಯ ಮುಂಡಕ್ಕೆ ಅಂಟಿಸಿದ್ದ. ಸ್ಟುಡಿಯೋದವರಿಗೆ ಎಲ್ಲರ ತಲೆಗೂ ಅದೊಂದೇ ಮುಂಡ. ಬ್ಯಾನರ್ ಅಂಗಡಿಯವನಿಗೆ ಕಾರ್ಡಿನ ಚಿತ್ರ ಹಾಕು ಎಂದು ಹೇಳಿದ್ದರಂತೆ. ಅವನಿಗೆ ಗೊತ್ತಿದ್ದ ಕಾರ್ಡು ಇಸ್ಪೀಟು. ಹೀಗಾಗಿ ನನ್ನ ಗಂಡನ ಎರಡೂ ಕಿವಿಗಳ ಹಿಂದಿನಿಂದ ಎಕ್ಕ, ರಾಜ, ರಾಣಿ, ಗುಲಾಮ ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದವು. ಕೆಳಗೆ ದಪ್ಪ ಅಕ್ಷರದಲ್ಲಿ: "ಯುವಕರ ಕಾರ್ಡು ಬಳಗ. ಕಾರ್ಡು ಇಲ್ಲದವರೂ ಬನ್ನಿ, ನಾವೇ ಕೊಡುತ್ತೇವೆ. ಅಧ್ಯಕ್ಷರು: ಶ್ರೀ ತವಿನ್."

ಈ ದೇಶದಲ್ಲಿ ಇಸ್ಪೀಟು ಆಡಿದರೆ ಪೊಲೀಸರು ಬರುತ್ತಾರೆ. ಅಂಥಲ್ಲಿ ಸಮವಸ್ತ್ರ ಹಾಕಿದ ಅಧಿಕಾರಿಯೊಬ್ಬ ನಗುನಗುತ್ತಾ ಎಲೆ ಹಂಚಲು ಕರೆದರೆ ಜನ ಏನೆಂದುಕೊಳ್ಳಬೇಕು? ಸರ್ಕಾರವೇ ಜೂಜಿನ ಮನೆ ತೆರೆಯಿತು ಎಂದುಕೊಂಡರು.

ಮೊದಲ ಶನಿವಾರ ಎಂಟೂವರೆಗೆ, ಮಕ್ಕಳು ಬರುವ ಮುಂಚೆಯೇ, ಯಾಯ್ ಲಮ್ಯಾಯ್ ಬಂದರು. ಎಪ್ಪತ್ತೆಂಟರ ಅಜ್ಜಿ, ಕಂಕುಳಲ್ಲಿ ದಿಂಬು, ಹಿಂದೆ ಇನ್ನಿಬ್ಬರು ಅಜ್ಜಿಯರು, ಅವರ ಕಂಕುಳಲ್ಲೂ ದಿಂಬು. ನಮ್ಮ ಕಡೆ ಹೆಣದ ಮನೆಯಲ್ಲಿ ರಾತ್ರಿ ಕಾಯುವವರು ಎಲೆ ಆಡಿದರೆ ಪೊಲೀಸರೂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಯಾಯ್ ಲಮ್ಯಾಯ್ ನಲವತ್ತು ವರ್ಷಗಳಿಂದ ಒಂದು ಸಾವನ್ನೂ ತಪ್ಪಿಸಿದವರಲ್ಲ, ಗುರುತಿಲ್ಲದವರ ಸಾವನ್ನು ಕೂಡ. ಆದರೆ ಎರಡು ತಿಂಗಳಿಂದ ಗಲ್ಲಿಯಲ್ಲಿ ಯಾರೂ ಸತ್ತಿರಲಿಲ್ಲ. ಈ ಕಾಲದ ಡಾಕ್ಟರುಗಳ ಮೇಲೆ ಅವರಿಗೆ ವಿಪರೀತ ಸಿಟ್ಟಿತ್ತು.

ಸರ್ಕಾರಕ್ಕೆ ಕೊನೆಗೂ ಬುದ್ಧಿ ಬಂತು ಎಂದು ಹೇಳುತ್ತಾ ದಿಂಬು ಹಾಕಿ ಕೂತರು. ಇದು ಮಕ್ಕಳ ಆಟ ಎಂದು ನಾನು ಎಷ್ಟು ಹೇಳಿದರೂ ಕಣ್ಣು ಮಿಟುಕಿಸಿ, ಹೊರಗಿನವರಿಗೆ ಹಾಗೇ ಹೇಳಬೇಕು, ಸರಿ ಎಂದರು. ಅಷ್ಟರಲ್ಲಿ ಖಿಮ್ ಬಂದಳು. ಅವಳದು ಒಳ್ಳೆಯ ಸ್ವಭಾವ, ಯಾರಿಗೂ ಇಲ್ಲ ಅನ್ನಬೇಡಿ ಎಂದು ಕ್ರಿತ್ ಹೇಳಿದ್ದ. ಅಜ್ಜಿಯ ಕೈಗೆ ಕಾರ್ಡು ಕೊಟ್ಟಳು.

ಯಾಯ್ ಲಮ್ಯಾಯ್ ಕಾರ್ಡುಗಳನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ರಾಜ ಎಲ್ಲಿ?"

"ರಾಜ ಇಲ್ಲ, ಯಾಯ್."

"ರಾಣಿ?"

"ರಾಣೀನೂ ಇಲ್ಲ. ಕಪ್ಪೆ ಇದೆ."

"ನನ್ನ ಹತ್ರ ಮೂರು ಬೆಂಕಿ ಆಮೆ ಬಂದಿದೆ ಕಣೇ. ಮೂರು ಒಂದೇ ಥರ. ಗೆದ್ದೆ ತಾನೆ?"

"ಇಲ್ಲ ಯಾಯ್. ಅವನು ಕಪ್ಪೆ ಇಳಿಸಿದಾನೆ. ಕಪ್ಪೆ ವಿಷ ಹಾಕಿದ್ರೆ ಎಂಥ ಬಲ ಇದ್ರೂ ಸತ್ತೋಗುತ್ತೆ."

ಹದಿಮೂರು ವರ್ಷದ ಹುಡುಗನ ಕಪ್ಪೆಗೆ ಸೋತ ಅವಮಾನ ಯಾಯ್ ಲಮ್ಯಾಯ್‌ಗೆ ತಡೆಯಲಾಗಲಿಲ್ಲ. ನಲವತ್ತು ವರ್ಷದಲ್ಲಿ ಇಂಥ ಮೋಸ ನೋಡಿಲ್ಲ, ಸತ್ತವರ ಮನೆಯಲ್ಲಿ ಇದಕ್ಕಿಂತ ನ್ಯಾಯ ಇದೆ ಎಂದು ಬೈದು ದಿಂಬು ಎತ್ತಿಕೊಂಡು ಹೋದರು. ಮುಂದಿನ ಶನಿವಾರ ಎಂಟು ಗಂಟೆಗೇ ಬಂದು, ಆ ಕಪ್ಪೆ ತಮಗೇ ಬೇಕು ಎಂದು ಕೂತರು.

ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಗಲ್ಲಿಯ ಕಂಬದ ಮೇಲಿನ ಧ್ವನಿವರ್ಧಕ ಕೆಮ್ಮಿತು. ನಮ್ಮ ಗಲ್ಲಿಯ ಸಮುದಾಯ ಸಂಘದ ಅಧ್ಯಕ್ಷ ಪ್ರದಿತ್ ಮಾತಾಡುವ ಮುಂಚೆ ಹೀಗೆ ಮೂರು ಸಲ ಕೆಮ್ಮುತ್ತಾರೆ. ಸೊಳ್ಳೆ ಔಷಧಿ ಯಾವಾಗ ಹೊಡೆಯುತ್ತಾರೆ, ಯಾರ ನಾಯಿ ಎಲ್ಲಿ ಹೊಲಸು ಮಾಡಿತು, ಎಲ್ಲ ಅಲ್ಲಿಂದಲೇ. ಆ ದಿನ ಅವರ ದನಿಯಲ್ಲಿ ದೇಶ ಹಾಳಾದ ದುಃಖವಿತ್ತು. ನಮ್ಮ ಸಮುದಾಯಕ್ಕೆ ಅಧ್ಯಕ್ಷರು ಒಬ್ಬರೇ, ಬ್ಯಾನರ್ ಹಾಕಿಕೊಂಡವರೆಲ್ಲ ಅಧ್ಯಕ್ಷರಲ್ಲ ಎಂಬುದನ್ನು ಮೊದಲು ಹೇಳಿದರು. ಆಮೇಲೆ ಕಾನೂನಿಗೆ ಬಂದರು. ಅಜ್ಜಂದಿರ ಕಾಲದಿಂದ ಇರುವ ಕಾನೂನಿನ ಪ್ರಕಾರ, ಅನುಮತಿ ಇಲ್ಲದೆ ಒಂದು ಮನೆಯಲ್ಲಿ ನೂರಿಪ್ಪತ್ತು ಎಲೆಗಿಂತ ಹೆಚ್ಚು ಇಟ್ಟುಕೊಂಡರೆ ಅಪರಾಧ. ಕೆಲವರ ಮನೆಯಲ್ಲಿ ಸಾವಿರಗಟ್ಟಲೆ ಇದೆ. ಹೆಸರು ಹೇಳುವುದಿಲ್ಲ, ಕಾಲುವೆ ಪಕ್ಕದ ನೀಲಿ ಗೇಟಿನ ಮನೆ. ತಾಲ್ಲೂಕು ಕಚೇರಿಗೆ ದೂರು ಹೋಗಿದೆ.

ನನ್ನ ಗಂಡ ಗಂಜಿ ಕುಡಿಯುತ್ತಿದ್ದವರು ಚಮಚ ಬಟ್ಟಲಲ್ಲೇ ಬಿಟ್ಟು, ಹೋಗಿ ಗೇಟಿಗೆ ಹಸಿರು ಬಣ್ಣ ಬಳಿಯತೊಡಗಿದರು.

ಆ ಸಂಜೆ ಖಿಮ್ ಬಂದು, ಇದರಲ್ಲಿ ಹೆದರುವಂಥದ್ದು ಏನಿದೆ ಎಂದಳು. "ಲುಂಗ್, ತಾಲ್ಲೂಕು ಕಚೇರಿಗೆ ಒಂದು ಕಾಗದ ಬರೆದು ಕೇಳಿ. ಇದು ಇಸ್ಪೀಟಲ್ಲ, ಮಕ್ಕಳ ಕಾರ್ಡು, ಇಟ್ಕೋಬಹುದಾ ಅಂತ."

ಹುಡುಗಿ ಹೇಳಿದ್ದು ಸರಿಯಾಗಿತ್ತು. ಅರ್ಜಿ ಬರೆಯುವ ಕ್ರಮ ರಾತ್ರಿ ಶಾಲೆಯಲ್ಲಿ ನನಗೆ ಕಲಿಸಿದ್ದರು. ವಿಷಯ ಮೊದಲು, ವಂದನೆ ಆಮೇಲೆ, ನಡುವೆ ಅಳಬಾರದು. ಹತ್ತು ನಿಮಿಷದಲ್ಲಿ ಒಂದು ಪುಟ ಬರೆದು ಸಹಿಗೆ ಕೊಟ್ಟೆ.

ನನ್ನ ಗಂಡ ಪೆನ್ನು ಹಿಡಿದು ಅರ್ಧ ಗಂಟೆ ಕೂತು, ನನ್ನ ಹೆಸರು ಹಿಡಿದು ಕೇಳಿದರು. "ಎರಡು ಸಾವಿರದ ನೂರ ಅರವತ್ತು ಇದೆ, ತಪ್ಪಾ ಅಂತ ಕೇಳೋದಂದ್ರೆ, ಇದೆ ಅಂತ ನಾನೇ ಬರ್ಕೊಟ್ಟ ಹಾಗಲ್ವಾ ಬುಪ್ಪಾ? ಕಳ್ಳ ಹೋಗಿ ಪೊಲೀಸರ ಹತ್ರ, ಸ್ವಾಮಿ, ಇಷ್ಟು ಕದ್ದರೆ ಪರವಾಗಿಲ್ವಾ ಅಂತ ಕೇಳ್ತಾನಾ?"

ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡರು. ಮಾರನೆಯ ದಿನ ಮಂಗಳವಾರ, ಕಚೇರಿ ಕೆಲಸಕ್ಕೆ ಆಗುವುದಿಲ್ಲ ಎಂದರು. ಅದರ ಮಾರನೆಯ ದಿನ ಮನೆಯಲ್ಲಿ ಸಿಕ್ಕಿದ್ದು ಕೆಂಪು ಶಾಯಿಯ ಪೆನ್ನು. ಬದುಕಿದವರ ಹೆಸರನ್ನು ಕೆಂಪು ಶಾಯಿಯಲ್ಲಿ ಯಾರು ಬರೆಯುತ್ತಾರೆ? ನೀಲಿ ಪೆನ್ನು ತಂದುಕೊಟ್ಟೆ. ಎರಡು ಸಾವಿರದ ನೂರ ಅರವತ್ತು ಎಂಬುದನ್ನು ಹೊಡೆದುಹಾಕಿ, ಸುಮಾರು ಇನ್ನೂರು ಎಂದು ತಿದ್ದಿದರು. ನಾಲ್ಕು ದಿನ ಬಿಟ್ಟು ನೂರ ಹತ್ತೊಂಬತ್ತು ಎಂದು ಮಾಡಿದರು. ನೂರ ಹತ್ತೊಂಬತ್ತಕ್ಕೆ ಅನುಮತಿಯೇ ಬೇಕಿಲ್ಲ, ಮತ್ತೆ ಕಾಗದ ಯಾಕೆ ಎಂದು ತಮ್ಮನ್ನು ತಾವೇ ಕೇಳಿಕೊಂಡು ಪುನಃ ಜೇಬಿಗೆ ಹಾಕಿದರು. ಆರು ವಾರ ಆ ಕಾಗದ ಅವರ ಜೇಬಿನಲ್ಲಿ ಬೆವರು ಕುಡಿಯಿತು. ಅಂಗಿ ಒಗೆಯುವಾಗಲೆಲ್ಲ ನಾನು ತೆಗೆದಿಡುವುದು, ಒಣಗಿದ ಮೇಲೆ ಅವರು ತುಂಬಿಕೊಳ್ಳುವುದು.

ಕಾಗದದ ಬದಲಿಗೆ ಅವರಿಗೊಂದು ಉಪಾಯ ಹೊಳೆದಿತ್ತು. ಮನೆಗೆ ನೂರಿಪ್ಪತ್ತು ಇಟ್ಟುಕೊಳ್ಳಬಹುದು ತಾನೆ? ಎರಡು ಸಾವಿರದ ನೂರ ಅರವತ್ತನ್ನು ನೂರಿಪ್ಪತ್ತರಿಂದ ಭಾಗಿಸಿದರೆ ಸರಿಯಾಗಿ ಹದಿನೆಂಟು. ಶೇಷ ಸೊನ್ನೆ. ಲೆಕ್ಕ ಇಷ್ಟು ಚೆನ್ನಾಗಿ ಬಂದದ್ದು ದೈವಸಂಕಲ್ಪ ಎಂದು ಅವರು ನಂಬಿದರು. ಹಳೆಯ ಮೀಟರ್ ಚೀಲ ಹೆಗಲಿಗೇರಿತು, ದಾಖಲೆ ಪುಸ್ತಕ ಕಂಕುಳಿಗೆ ಬಂತು. ಹದಿನೆಂಟು ಮನೆಗೆ, ನಮ್ಮದೂ ಸೇರಿ, ರಬ್ಬರ್ ಬ್ಯಾಂಡ್ ಹಾಕಿದ ಒಂದೊಂದು ಕಟ್ಟು. ದಿನಾ ಸಂಜೆ ಗೇಟಿನಾಚೆಯಿಂದಲೇ ಕೂಗಿ ಕೇಳುವುದು, ಒಳಗಿನಿಂದ "ನೂರಿಪ್ಪತ್ತು" ಎಂದು ಉತ್ತರ ಬರುವುದು, ಇವರು ಬರೆದುಕೊಳ್ಳುವುದು. ನಾಯಿಗಳಿಗೂ ಹಳೆಯ ದಿನಗಳು ಮರಳಿದವು.

ಪ್ರದಿತ್ ಅವರ ಮನೆಗೆ ಕೊಡಬೇಕೆಂದು ಇರಲಿಲ್ಲ. ಮೂರನೆಯ ದಿನ ಧ್ವನಿವರ್ಧಕ ಕೆಮ್ಮಿತು. ಗಲ್ಲಿಯಲ್ಲಿ ಜವಾಬ್ದಾರಿಯ ಹಂಚಿಕೆ ನಡೆಯುವಾಗ ಸಮುದಾಯದ ನಿಜವಾದ ಅಧ್ಯಕ್ಷರ ಮನೆಯನ್ನೇ ಬಿಟ್ಟಿರುವುದು ಯಾವ ಸಂಸ್ಕೃತಿ ಎಂದು ಕೇಳಿತು. ದೂರು ಕೊಟ್ಟವರು ಅವರೇ. ಅದನ್ನು ನೆನಪಿಸಲು ನಾನು ಬಾಯಿ ತೆರೆದೆ, ಆದರೆ ಕಂಬದ ಜೊತೆ ವಾದ ಮಾಡಲಾಗುತ್ತದೆಯೆ? ಕ್ಷೌರದವನ ಮನೆಗೆಂದು ಇಟ್ಟಿದ್ದ ಹದಿನೆಂಟನೆಯ ಕಟ್ಟು ಪ್ರದಿತ್ ಮನೆಗೆ ಹೋಯಿತು. ಕ್ಷೌರದವನು ಒಂದು ವಾರ ನನ್ನ ಗಂಡನ ಕೂದಲು ಮುಟ್ಟಲಿಲ್ಲ.

ಪ್ರದಿತ್ ಕಟ್ಟಿನಲ್ಲಿ ಬಂಗಾರದ ಹಕ್ಕಿ ಇತ್ತು. ಪೆಟ್ಟಿಗೆಗೆಲ್ಲ ಅದೊಂದೇ ಹೊಳೆಯುವ ಕಾರ್ಡು. ಕ್ರಿತ್ ಅದಕ್ಕಾಗಿ ಒಂದು ಇಡೀ ಬೇಸಿಗೆ ಐಸ್ ಕಾರ್ಖಾನೆಯಲ್ಲಿ ದುಡಿದಿದ್ದ. ಹಕ್ಕಿಯ ಬಲ ಮುನ್ನೂರ ನಲವತ್ತು. ಪ್ರದಿತ್ ಹೆಂಡತಿಗೆ ಆ ಸಂಖ್ಯೆ ಕಣ್ಣಿಗೆ ಬಿತ್ತು. ನಮ್ಮ ಜನಕ್ಕೆ ಸಂಖ್ಯೆ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ, ನಲವತ್ತಕ್ಕೆ ಮುಗಿಯುವ ಲಾಟರಿ ಟಿಕೆಟ್ ಕೊಂಡರು. ಹದಿನಾರನೇ ತಾರೀಖಿನ ಲಾಟರಿಯಲ್ಲಿ ಕೊನೆಯ ಎರಡಂಕಿ ನಲವತ್ತೇ ಬಂತು.

ಮಾರನೆಯ ಬೆಳಿಗ್ಗೆಯಿಂದ ಗಲ್ಲಿಯಲ್ಲಿ ಆಡುವ ಕಾರ್ಡು ಉಳಿಯಲಿಲ್ಲ, ಎಲ್ಲ ದೇವರಾದವು. ಒಬ್ಬರ ಮನೆಯಲ್ಲಿ ಕಪ್ಪೆಗೆ ಹೂಮಾಲೆ. ಇನ್ನೊಬ್ಬರ ಅಂಗಳದ ಭೂತದ ಗುಡಿಯಲ್ಲಿ ಬೆಂಕಿ ಆಮೆಯ ಮುಂದೆ ಕೆಂಪು ಸೋಡಾದ ಬಾಟಲಿ, ಹೀರುಕೊಳವೆ ಸಮೇತ. ಶನಿವಾರ ಮಕ್ಕಳು ಹೋಗಿ ಕೇಳಿದರೆ, ಈಗಷ್ಟೇ ಊದುಬತ್ತಿ ಹಚ್ಚಿದ್ದೇವೆ, ನಾಳೆ ಬನ್ನಿ ಎಂಬ ಉತ್ತರ. ಆಮೆ ಸಿಕ್ಕರೆ ಅದಕ್ಕೆ ಬೇಕಾದ ಬೆಂಕಿ ಕಾರ್ಡು ಇಲ್ಲ, ಬೆಂಕಿ ಸಿಕ್ಕರೆ ಆಮೆ ಪೂಜೆಯಲ್ಲಿ. ಮೂರು ಶನಿವಾರ ಮಕ್ಕಳು ನಮ್ಮ ಚಾಪೆಯ ಮೇಲೆ ಸುಮ್ಮನೆ ಕೂತು, ನಾನು ಕೊಟ್ಟ ಬಾಳೆಹಣ್ಣಿನ ಬೋಂಡ ತಿಂದು ಎದ್ದುಹೋದರು. ಮೂರನೆಯ ಶನಿವಾರ ಐದೇ ಜನ.

ಖಿಮ್ ಆ ದಿನ ಬೋಂಡ ಮುಟ್ಟಲಿಲ್ಲ. "ಲುಂಗ್, ಅಂಗಡೀಲಿ ನಿಂತು ನೋಡೋಕಾದ್ರೂ ಬಿಡ್ತಿದ್ರು. ಇಲ್ಲಿ ಅದೂ ಇಲ್ಲ. ಕ್ರಿತ್ ಅಣ್ಣ ಬಂದ್ರೆ ನೀವೇ ಹೇಳಿ, ಇವನ್ನ ಯಾರಿಗೆ ಕೊಟ್ರಿ ಅಂತ. ನನ್ನ ಕೈಲಿ ಆಗಲ್ಲ."

ಕ್ರಿತ್ ರಜೆಗೆ ಬರಲು ಇನ್ನು ಹನ್ನೆರಡು ದಿನ ಇತ್ತು. ನನ್ನ ಗಂಡ ಆ ಇಡೀ ದಿನ ಅಧ್ಯಕ್ಷರಂತೆ ಮಾತಾಡಲಿಲ್ಲ. ಸಂಜೆ ಚೀಲ ಹಾಕಿಕೊಂಡು ಹೊರಟು, ಹದಿನೇಳು ಗೇಟುಗಳ ಮುಂದೆ ನಿಂತು, ಬರುವ ಶನಿವಾರ ಹತ್ತು ಗಂಟೆಗೆ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ತರಬೇಕು, ತರದಿದ್ದರೆ ಮುನ್ಸಿಪಾಲಿಟಿಯಲ್ಲಿ ಇನ್ನೂ ಗುರುತಿನವರಿದ್ದಾರೆ, ನೀರು ನಿಲ್ಲಿಸುತ್ತೇನೆ ಎಂದರು. ಅವರ ಮಾತಿಗೆ ಮುನ್ಸಿಪಾಲಿಟಿಯಲ್ಲಿ ಒಂದು ಲೋಟ ನೀರೂ ಹುಟ್ಟುವುದಿಲ್ಲ. ಆದರೆ ಜನ ಒಪ್ಪಿಕೊಂಡರು.

ಆ ಶನಿವಾರ ಒಂಬತ್ತೂಮುಕ್ಕಾಲಿಗೆ ನಮ್ಮ ಗೇಟಿನ ಮುಂದೆ ಕಾರು ನಿಂತಿತು. ರೇಷ್ಮೆ ಉಡುಗೆ, ಕೂದಲಲ್ಲಿ ಹೂವು, ಕೈಯಲ್ಲಿ ಫೈಲು. ತಾಲ್ಲೂಕು ಕಚೇರಿಯ ಉಪಾಧಿಕಾರಿ ನರೂಮೊನ್, ಮೂವತ್ತು ವಯಸ್ಸಿನವಳು, ಮದುವೆಯೊಂದಕ್ಕೆ ಹೊರಟವಳು ದಾರಿಯಲ್ಲಿ ಈ ಕೆಲಸವನ್ನೂ ಮುಗಿಸೋಣವೆಂದು ಇಳಿದಿದ್ದಳು. ಫೈಲಿನೊಳಗೆ ಪ್ರದಿತ್ ಆರು ವಾರದ ಹಿಂದೆ ಕೊಟ್ಟ ದೂರು. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರು ಮರೆತಿದ್ದರು. ಅದರ ಜೊತೆ ನಮ್ಮ ಬ್ಯಾನರಿನ ಫೋಟೋ. ಅವಳು ಫೋಟೋ ನೋಡಿದಳು, ನನ್ನ ಗಂಡನ ಬನಿಯನ್ ನೋಡಿದಳು, ಅಧಿಕಾರಿಗಳು ಮನೆಯಲ್ಲಿದ್ದಾರೆಯೆ ಎಂದು ಕೇಳಿದಳು.

ಕೂರಿಸಿ ತಣ್ಣಗಿನ ಸೇವಂತಿಗೆ ಹೂವಿನ ಪಾನಕ ಕೊಟ್ಟೆ. ಮನೆಯಲ್ಲಿರುವ ಕಾರ್ಡುಗಳನ್ನು ತರಲು ಹೇಳಿದಳು. ನನ್ನ ಗಂಡ ನಮ್ಮ ಕಟ್ಟನ್ನು ತಂದಿಟ್ಟರು. ಅವಳು ಉಗುರಿನ ಬಣ್ಣ ಕೆಡದಂತೆ ನಿಧಾನವಾಗಿ ಎಣಿಸಿದಳು. ನೂರಿಪ್ಪತ್ತು.

"ಕಾನೂನಿನ ಪ್ರಕಾರವೇ ಇದೆಯಲ್ಲ," ಎಂದಳು.

"ಕಾನೂನು ಅಂದ್ರೆ ನನಗೆ ದೇವರು, ಮೇಡಂ," ಎಂದರು ನನ್ನ ಗಂಡ.

ಅವಳು ಫೈಲಿನಲ್ಲಿ ಇನ್ನೇನು ಬರೆಯಬೇಕು, ಗಡಿಯಾರ ಹತ್ತು ಹೊಡೆಯಿತು. ಖಿಮ್ ತಾಯಿ ಬಂದು, ಹತ್ತು ಗಂಟೆಗೆ ಅಂದಿದ್ರಲ್ಲ ಎಂದು ಒಂದು ಕಟ್ಟು ಮೇಜಿನ ಮೇಲಿಟ್ಟು ಹೋದಳು. ಇನ್ನೂರ ನಲವತ್ತು. ಅವಳ ಹಿಂದೆಯೇ ಇಸ್ತ್ರಿ ಅಂಗಡಿಯವನು. ಮುನ್ನೂರ ಅರವತ್ತು. ನನ್ನ ಗಂಡ ಬಾಗಿಲಿಗೆ ಅಡ್ಡ ನಿಂತು, ಇದು ನಮ್ಮ ಮನೆಯಲ್ಲ, ಪಕ್ಕದ ಮನೆ ಎಂದು ಸನ್ನೆ ಮಾಡತೊಡಗಿದರು. ಜನ ಅವರನ್ನು ಸರಿಸಿ ಒಳಗೆ ಬಂದರು. ಒಬ್ಬರು ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದರು, ಒಬ್ಬರು ಹೂಮಾಲೆ ಸಮೇತ. ಯಾಯ್ ಲಮ್ಯಾಯ್ ತಮ್ಮ ದಿಂಬಿನ ಮೇಲೆ ಕಟ್ಟನ್ನಿಟ್ಟು ಎರಡೂ ಕೈಯಲ್ಲಿ ಹಿಡಿದು, ಮೆರವಣಿಗೆಯಲ್ಲಿ ಬಂದಂತೆ ಬಂದು, "ಇವತ್ತು ಕಪ್ಪೆ ನನಗೆ," ಎಂದು ಅಧಿಕಾರಿಯ ಪಕ್ಕದಲ್ಲೇ ಕೂತರು. ನರೂಮೊನ್ ಎಣಿಸುವುದನ್ನು ಬಿಟ್ಟು ಸುಮ್ಮನೆ ನೋಡುತ್ತಿದ್ದಳು. ಕೊನೆಗೆ ಪ್ರದಿತ್ ಬಂದರು. ತಾವೇ ಕೊಟ್ಟ ದೂರಿನ ಮೇಲೆ ತಾವೇ ತಂದ ಹದಿನೆಂಟನೆಯ ಕಟ್ಟನ್ನಿಟ್ಟು, ಅಧಿಕಾರಿಗೆ ಕೈಮುಗಿದು, ಈ ಗಲ್ಲಿಯಲ್ಲಿ ಶಿಸ್ತು ಅಂದರೆ ನಾನು ಎಂದರು.

ಮಕ್ಕಳು ಬಾಗಿಲಲ್ಲಿ ಗುಂಪಾಗಿ ನಿಂತರು. ಖಿಮ್ ಮಾತ್ರ ಒಳಗೆ ಬಂದು ನೆಲದ ಮೇಲೆ ಕೂತಳು.

"ಪೆಟ್ಟಿಗೆ ತಗೊಂಡು ಹೋಗ್ತೀರಾ?" ಎಂದು ಕೇಳಿದಳು.

ನರೂಮೊನ್ ಒಂದು ಕಾರ್ಡು ಎತ್ತಿ ಹಿಂದೆ ಮುಂದೆ ತಿರುಗಿಸಿದಳು. ಇದು ಆ ಕಾನೂನಿಗೆ ಬರುತ್ತದೆಯೋ ಇಲ್ಲವೋ ತನಗೆ ಗೊತ್ತಿಲ್ಲ, ಇದುವರೆಗೆ ಯಾರೂ ಕೇಳಿಲ್ಲ ಎಂದಳು. ಆಮೇಲೆ ನನ್ನ ಗಂಡನ ಕಡೆ ತಿರುಗಿದಳು. "ಲುಂಗ್, ನೀವು ಒಂದು ಕಾಗದ ಬರೆದು ಕೇಳಿದ್ರೆ ಅದನ್ನ ನಾನು ಪ್ರಾಂತ್ಯದ ಕಚೇರಿಗೆ ಕಳಿಸ್ತಿದ್ದೆ. ಅವರು ಅಬಕಾರಿಗೆ. ಅಬಕಾರಿಯವರು ಬ್ಯಾಂಕಾಕಿಗೆ. ಉತ್ತರ ಬರೋವರೆಗೂ ಇದು ಪರಿಶೀಲನೆಯಲ್ಲಿರೋ ವಸ್ತು. ಪರಿಶೀಲನೆಯಲ್ಲಿರೋದನ್ನ ಯಾರೂ ಮುಟ್ಟೋ ಹಾಗಿಲ್ಲ."

ಉತ್ತರ ಎಷ್ಟು ದಿನಕ್ಕೆ ಬರುತ್ತದೆ ಎಂದು ನಾನು ಕೇಳಿದೆ.

"ನಾನು ಕೆಲಸಕ್ಕೆ ಸೇರಿದ ವರ್ಷ ಕಳಿಸಿದ್ದಕ್ಕೆ ಇನ್ನೂ ಬಂದಿಲ್ಲ, ಪಾ."

ನನ್ನ ಗಂಡ ಎದ್ದು, ಗೂಟದಲ್ಲಿದ್ದ ಅಂಗಿಯ ಜೇಬಿಗೆ ಕೈ ಹಾಕಿ ಕಾಗದ ತೆಗೆದರು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿತ್ತು.

ಆಮೇಲೆ ಗಲ್ಲಿ ಬೈದದ್ದನ್ನು ಬರೆಯಲು ಹೋಗುವುದಿಲ್ಲ. ಆರು ವಾರ ಜೇಬಿನಲ್ಲಿಟ್ಟುಕೊಂಡರಂತೆ, ಒಂದು ಅಂಚೆಚೀಟಿಗೆ ಗತಿಯಿಲ್ಲದ ಅಧ್ಯಕ್ಷರಂತೆ, ನಮ್ಮ ಮನೆಯ ಅಕ್ಕಿ ಡಬ್ಬದಲ್ಲಿ ಕಪ್ಪೆ ಮಲಗಿಸಿದರಂತೆ. ಎಲ್ಲರಿಗಿಂತ ಜೋರಾಗಿ ಪ್ರದಿತ್. ನರೂಮೊನ್ ಗಡಿಯಾರ ನೋಡಿಕೊಂಡು, ಅಂಚೆ ಕಚೇರಿ ಶನಿವಾರ ಹನ್ನೆರಡಕ್ಕೆ ಮುಚ್ಚುತ್ತದೆ, ತನ್ನ ವರದಿಗೆ ಇವತ್ತಿನ ತಾರೀಖು ಹಾಕಲೇಬೇಕು ಎಂದಳು. ಇವತ್ತಿನ ಮುದ್ರೆ ಬಿದ್ದ ರಶೀದಿ ಇದ್ದರೆ ಪರಿಶೀಲನೆಯಲ್ಲಿದೆ ಎಂದು ಬರೆಯುತ್ತಾಳೆ, ಇಲ್ಲದಿದ್ದರೆ ಪೆಟ್ಟಿಗೆ ಕಾರಿನಲ್ಲಿ ಹೋಗುತ್ತದೆ. "ಸಂಖ್ಯೆ ಸರಿಯಾಗಿ ಬರೀರಿ," ಎಂದಳು. "ಒಂದು ಹೆಚ್ಚಿದ್ರೂ ಸುಳ್ಳು ಅರ್ಜಿ, ಒಂದು ಕಮ್ಮಿ ಇದ್ರೂ ಸುಳ್ಳು ಅರ್ಜಿ."

ನಾನು ಹೊಸ ಹಾಳೆಯಲ್ಲಿ ಬರೆಯಲು ಕೂತೆ. ಮಕ್ಕಳು ಎಣಿಸಲು ಕೂತರು. ನನ್ನ ಬರವಣಿಗೆ ಮುಗಿಯಿತು, ಸಂಖ್ಯೆಯ ಜಾಗ ಒಂದೇ ಖಾಲಿ. ಮಕ್ಕಳ ಎಣಿಕೆಯೂ ಮುಗಿಯಿತು. ಎರಡು ಸಾವಿರದ ನೂರ ಐವತ್ತೊಂಬತ್ತು.

ಮತ್ತೆ ಎಣಿಸಿದರು. ಐವತ್ತೊಂಬತ್ತೇ. ಖಿಮ್ ಕಾರ್ಡುಗಳನ್ನು ಒಂದೊಂದಾಗಿ ಸರಿಸಿ ನೋಡಿ, ಬಂಗಾರದ ಹಕ್ಕಿ ಇಲ್ಲ ಎಂದಳು.

ಪ್ರದಿತ್ ಎದ್ದು ನಿಂತರು. ಒಬ್ಬ ಸೈನಿಕನ ಸೊತ್ತನ್ನು ಕದಿಯುವ ಮಟ್ಟಕ್ಕೆ ಈ ಗಲ್ಲಿ ಇಳಿಯಿತೆ, ತಮಗೆ ಧ್ವನಿವರ್ಧಕ ಬೇಕು, ಈಗಲೇ ಬೇಕು, ಮಕ್ಕಳ ಚೀಲಗಳನ್ನು ಮೊದಲು ತಪಾಸಣೆ ಮಾಡಬೇಕು ಎಂದರು. ಖಿಮ್ ತನ್ನ ಚೀಲವನ್ನು ಅವರ ಕಾಲ ಬಳಿ ಬೋರಲು ಹಾಕಿದಳು. ಒಂದು ಬಾಚಣಿಗೆ, ಒಂದು ಗಣಿತದ ಪುಸ್ತಕ. ಗಂಟೆ ಹನ್ನೊಂದೂವರೆ ದಾಟಿತ್ತು.

ದಾರಿಯಲ್ಲಿ ಹುಡುಕೋಣ, ನಡೆಯಿರಿ ಎಂದು ಕಾಗದ ಹಿಡಿದು ನಾನೇ ಹೊರಟೆ. ದಾರಿಯಲ್ಲಿ ಏನನ್ನು ಹುಡುಕುವುದೋ ನನಗೂ ಗೊತ್ತಿರಲಿಲ್ಲ. ಹಿಂದೆ ಇಡೀ ಗಲ್ಲಿ, ನಡುವೆ ಪೆಟ್ಟಿಗೆ ಹೊತ್ತ ಮಕ್ಕಳು, ಕೊನೆಯಲ್ಲಿ ರೇಷ್ಮೆ ಎತ್ತಿ ಹಿಡಿದ ಅಧಿಕಾರಿ. ಮಾರುಕಟ್ಟೆಯ ಬಳಿ ಯಾರದೋ ಶವಯಾತ್ರೆಯೆಂದು ತಿಳಿದು ಮೂವರು ಸೈಕಲ್ ಇಳಿದು ನಿಂತರು.

ಅಂಚೆ ಕಚೇರಿಯ ಕಿಂಡಿಯಲ್ಲಿ ಒಬ್ಬಳು ಹುಡುಗಿ ಆಗಲೇ ಚೀಲ ಕಟ್ಟುತ್ತಿದ್ದಳು. ಹನ್ನೊಂದು ಐವತ್ತು. ಸೆಕೆಗೆ ಪ್ರದಿತ್ ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿ, ಕಳ್ಳರನ್ನು ಹೆತ್ತ ತಾಯಂದಿರ ಬಗ್ಗೆ ಮಾತಾಡುತ್ತಿದ್ದರು. ಅವರ ಕೊರಳಲ್ಲಿ ಎಲ್ಲರ ಕೊರಳಲ್ಲೂ ಇರುವಂತೆ ತಾಯತಗಳ ಸರ. ಯಾಯ್ ಲಮ್ಯಾಯ್ ಅವರ ಎದುರು ಬಂದು ನಿಂತರು. ನಲವತ್ತು ವರ್ಷ ಹೆಣದ ಮನೆಯಲ್ಲಿ ಯಾರ ಅಂಗಿ ತೋಳಿನೊಳಗೆ ಯಾವ ಎಲೆ ಇದೆಯೆಂದು ಎಣ್ಣೆದೀಪದಲ್ಲಿ ಕಂಡುಹಿಡಿದ ಕಣ್ಣು ಅದು.

"ಪ್ರದಿತ್, ನಡುವಿನ ತಾಯತ ಬಹಳ ಅಗಲ ಇದೆಯ‌ಲ್ಲೋ ಮಗ."

ಪ್ರದಿತ್ ಗುಂಡಿ ಹಾಕಿಕೊಳ್ಳಲು ಹೋದರು. ಯಾಯ್ ಲಮ್ಯಾಯ್ ಸರ ಹಿಡಿದು ಹೊರಗೆಳೆದರು. ಪಾರದರ್ಶಕ ಪೆಟ್ಟಿಗೆ, ಚಿನ್ನದ ಅಂಚು, ಒಳಗೆ ರೆಕ್ಕೆ ಬಿಚ್ಚಿದ ಹಕ್ಕಿ.

"ಅದು ಈಗ ಕಾರ್ಡಲ್ಲ," ಎಂದರು ಪ್ರದಿತ್, ತಮಗೇ ಅನ್ಯಾಯವಾದವರಂತೆ. "ಒಂಬತ್ತು ಜನ ಭಿಕ್ಷುಗಳು ಮಂತ್ರ ಹೇಳಿ ನೀರು ಚಿಮುಕಿಸಿದಾರೆ. ಅದರಲ್ಲಿ ಶಕ್ತಿ ಬಂದಿದೆ. ಇದನ್ನ ನಾನು ಕೊಟ್ರೆ ಗಲ್ಲಿಗೇ ಕೇಡು."

ಎಲ್ಲರೂ ಒಂದು ಕ್ಷಣ ಹಿಂಜರಿದರು. ಮಂತ್ರ ಎಂದ ಮೇಲೆ ಯಾರು ಕೈ ಹಾಕುತ್ತಾರೆ? ಖಿಮ್ ಮುಂದೆ ಬಂದಳು.

"ಲುಂಗ್, ಅದರ ಶಕ್ತಿ ಮುನ್ನೂರ ನಲವತ್ತು. ಅದರ ಮೇಲೇ ಬರೆದಿದೆ. ಕಪ್ಪೆ ಇಳಿಸಿದ್ರೆ ಸತ್ತೋಗುತ್ತೆ."

"ಕಪ್ಪೆ ನನ್ನ ಹತ್ರ ಇದೆ," ಎಂದರು ಯಾಯ್ ಲಮ್ಯಾಯ್, ದಿಂಬಿನ ಗವಸಿನೊಳಗಿಂದ ತೆಗೆದು. ಎಣಿಸುವಾಗ ಅದು ಹೇಗೆ ಲೆಕ್ಕಕ್ಕೆ ಬಂತು, ಆಮೇಲೆ ಹೇಗೆ ಅಲ್ಲಿಗೆ ಹೋಯಿತು ಎಂದು ಯಾರೂ ಕೇಳಲಿಲ್ಲ. ಕಪ್ಪೆಯನ್ನು ಹಕ್ಕಿಯ ಪಕ್ಕಕ್ಕೆ, ಪ್ರದಿತ್ ಎದೆಗೆ ಒತ್ತಿ ಹಿಡಿದರು. ಹದಿನೆಂಟು ಮನೆಯವರೂ ನೋಡುತ್ತಿದ್ದರು, ಒಬ್ಬ ಸರ್ಕಾರಿ ಅಧಿಕಾರಿಯೂ. ಪ್ರದಿತ್ ಸರ ಬಿಚ್ಚಿದರು. ಬಿಚ್ಚುವಾಗ, ಹಕ್ಕಿಯನ್ನು ಇಷ್ಟು ದಿನ ಸುರಕ್ಷಿತವಾಗಿ ಕಾಪಾಡಿದ್ದು ಯಾರೆಂಬುದನ್ನು ಅರ್ಜಿಯಲ್ಲಿ ನಮೂದಿಸಬೇಕು ಎಂದರು.

ಖಾಲಿ ಬಿಟ್ಟಿದ್ದ ಜಾಗದಲ್ಲಿ ಎರಡು ಸಾವಿರದ ನೂರ ಅರವತ್ತು ಎಂದು ಬರೆದೆ. ನನ್ನ ಗಂಡನ ಕೈಗೆ ನೀಲಿ ಪೆನ್ನು ಕೊಟ್ಟೆ. ಅವರು ಸಹಿ ಮಾಡಿದರು. ಲಕೋಟೆಗೆ ಹಾಕಿ ಅಂಟಿಸಿ ಕಿಂಡಿಯೊಳಗೆ ತಳ್ಳಿದೆ. ಹುಡುಗಿ ತೂಗಿದಳು, ಚೀಟಿ ಹಚ್ಚಿದಳು, ಎಡಗೈಯಲ್ಲಿ ಶಟರಿನ ಹಿಡಿ ಹಿಡಿದುಕೊಂಡೇ ಬಲಗೈಯಲ್ಲಿ ಮುದ್ರೆ ಎತ್ತಿದಳು.

ನನ್ನ ಗಂಡ ಒಮ್ಮೆಲೇ ಕಿಂಡಿಯೊಳಗೆ ಮೊಣಕೈವರೆಗೆ ಕೈ ತೂರಿಸಿದರು.

"ಒಂದು ನಿಮಿಷ ಕೊಡಮ್ಮ ಅದನ್ನ. ಹೆಸರಿನ ಕೆಳಗೆ ಅಧ್ಯಕ್ಷ ಅಂತ ಹಾಕೋದು ಮರ್ತೋಯ್ತು."

ನಾನು ಅವರ ಕೈ ಹಿಡಿದು ಹೊರಗೆಳೆದೆ. ಹುಡುಗಿ ಮುದ್ರೆ ಒತ್ತಿ, ರಶೀದಿಯನ್ನು ನನ್ನ ಕೈಗೆ ಕೊಟ್ಟು, ಕಾಗದವನ್ನು ಚೀಲದೊಳಗೆ ಎಸೆದು, ಶಟರು ಇಳಿಸಿದಳು.